ಆಷಾಢಕ್ಕೆ ತವರಿಗೆ ಹೋದವಳು ಹೆಂಡತಿಯಲ್ಲವೇ?

ಗಂಡ-ಹೆಂಡತಿ ವೀಸಾ ವಿಭಾಗದ ಮಾನ್ಯ ಅಧಿಕಾರಿಗಳೇ,

ನೀವು ತ್ರಿವೇಣಿಗೆ ವೀಸಾ ಕೊಟ್ಟಿರಿ, ನನಗೆ ಕೊಡಲಿಲ್ಲ. ನನಗೆ ಹೊಟ್ಟೆಕಿಚ್ಚಾಗಿದೆ. ಅದನ್ನು ಮುಚ್ಚಿಟ್ಟು ನ್ಯಾಯ, ನೀತಿ ಎಂದು ಬರೆಯುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ತ್ರಿವೇಣಿ ರಾಯದುರ್ಗದಲ್ಲಿ ನಮ್ಮ ಬೀದಿಯವಳೇ. ನಿಮ್ಮ ದೇಶದ ಪ್ರಜೆಯೊಬ್ಬನ ಜೊತೆ ಬಳ್ಳಾರಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ವರ್ಷಕ್ಕೂ ಮೇಲೆ ಇದ್ದಳು. ತಾಳಿಯಿಲ್ಲ, ಧಾರೆಯಿಲ್ಲ, ನಾಲ್ಕು ಜನಕ್ಕೆ ಊಟ ಹಾಕಿಸಿದ್ದೂ ಇಲ್ಲ. ಅವಳನ್ನು ‘ಸಂಗಾತಿ’ ಎಂದು ಒಪ್ಪಿ ವಿಮಾನ ಹತ್ತಿಸಿದಿರಿ. ಹತ್ತಿಸಿ, ನನ್ನ ತಕರಾರಿಲ್ಲ. ಇದೆ, ಸುಳ್ಳೇಕೆ ಹೇಳಲಿ? ನನ್ನ ಗಂಡ ಗುರುಪ್ರಕಾಶರೂ ನಿಮ್ಮ ಪ್ರಜೆಯೇ. ಅಲ್ಲಿ ಬಟ್ಟೆ ಆಲ್ಟರೇಷನ್ ಅಂಗಡಿ ಇಟ್ಟಿದ್ದಾರೆ. ಇಡೀ ಬೀದಿಯ ಮುಂದೆ ನನಗೆ ತಾಳಿ ಕಟ್ಟಿದ್ದಾರೆ, ಮದುವೆ ರಿಜಿಸ್ಟರೂ ಆಗಿದೆ. ಆದರೂ ತಮ್ಮ ಘನ ತೀರ್ಮಾನ, ‘ದಂಪತಿ ಒಟ್ಟಿಗೆ ಬಾಳಿದ್ದಕ್ಕೆ ಸಾಕಷ್ಟು ಆಧಾರವಿಲ್ಲ.’

ಬಾಳಲು ಬಿಟ್ಟವರು ಯಾರು ಸ್ವಾಮಿ? ಅವರು ಅಂಗಡಿಗೆ ರಜೆ ಹಾಕಿ ಬಂದು ಮದುವೆಯಾಗಿ ವಾರ ತುಂಬಿರಲಿಲ್ಲ, ಆಷಾಢ ಬಂತು. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಹೊಸ್ತಿಲು ದಾಟಬಾರದು, ಹೊಸ ಅಳಿಯನೂ ಅತ್ತೆಮನೆ ಹೊಸ್ತಿಲು ದಾಟಬಾರದು. ಅಮ್ಮ ಬಂದು ನನ್ನನ್ನು ತವರಿಗೆ ಕರೆದೊಯ್ದಳು. ತವರೆಂದರೆ ಹಿಂದಿನ ಬೀದಿ. ಮೂರನೆಯ ದಿನ ಅವರು ಬಾಗಿಲಿಗೆ ಬಂದು ನಿಂತರು.

“ಶ್ರಾವಣಕ್ಕ ಬರ್ರಿ ಅಳಿಯಂದ್ರೆ,” ಎಂದಳು ಅಮ್ಮ, ಬಾಗಿಲಿಗೆ ಅಡ್ಡ ನಿಂತೇ.

“ಶ್ರಾವಣಕ್ಕ ನಾನು ಇಲ್ಲಿ ಇರಂಗಿಲ್ರಿ ಅತ್ತೀ. ರಜಾ ಮುಗೀತೈತಿ.”

“ಒಂದು ತಿಂಗಳಿಗೆ ಯಾಕ ಇಷ್ಟು ಅವಸರ? ಮುಂದ ಜೀವನ ಪೂರ್ತಿ ಜೊತಿಗೇ ಇರ್ತೀರಲ್ರಿ!”

ನಾನು ಒಳಗೆ ಮಿಷನ್ ಮುಂದೆ ಕೂತು ಜೀನ್ಸಿಗೆ ಜೇಬು ಹೊಲಿಯುತ್ತಿದ್ದೆ. ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಶ್ರಾವಣ ಬರುವ ಮೊದಲೇ ಅವರು ಹೊರಟುಹೋದರು.

ಸಂದರ್ಶನದಲ್ಲಿ ನೀವು, “ಒಂದೇ ಊರಿನಲ್ಲಿದ್ದೂ ಬೇರೆ ಮನೆಯಲ್ಲೇಕೆ ಇದ್ದಿರಿ?” ಎಂದಿರಿ. ಇದ್ದದ್ದು ಇದ್ದ ಹಾಗೆ, “ಆಷಾಢ ಇತ್ತು ಸಾರ್,” ಎಂದೆ. “ಜಗಳವಾಗಿತ್ತೇ?” ಎಂದಿರಿ! ಜಗಳವಾಡಲಾದರೂ ಒಂದು ಸೂರಿನಡಿ ಇರಬೇಕಲ್ಲ ಮಾನ್ಯರೇ? ತಾಳಿ ಕಟ್ಟಿಸಿಕೊಳ್ಳದೆ ಜೊತೆಗಿದ್ದವಳು ನಿಮಗೆ ಸಾಚಾ, ಕಟ್ಟಿಸಿಕೊಂಡು ಪದ್ಧತಿ ಪಾಲಿಸಿದವಳು ಖೋಟಾ. ಪ್ರತಿ ಸಂಜೆ ಕಚೇರಿ ಮುಗಿಸಿ ಮನೆಗೆ ಹೋಗಿ ಹೆಂಡತಿ ಕೈಯ ಕಾಫಿ ಕುಡಿಯುವ ನಿಮ್ಮ ಮೇಲೂ ನನಗೆ ಹೊಟ್ಟೆಕಿಚ್ಚಿದೆ, ಬರೆದುಕೊಳ್ಳಿ.

ಇಷ್ಟಾದರೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಮೊನ್ನೆ ತ್ರಿವೇಣಿಯೇ ಫೋನ್ ಮಾಡಿದಳು. “ನಿನ್ನ ಗಂಡನ ಅಂಗಡಿ ನಮ್ಮನಿ ಹತ್ರಾನೇ ಐತಿ ಕಣೇ. ನನ್ನ ಪ್ಯಾಂಟು ಗಿಡ್ಡ ಮಾಡಿಕೊಟ್ರು. ಪಾಪ, ಭಾಳ ಸೊರಗ್ಯಾರ. ಚಾ ಕುಡಿಸಿ ಕಳಿಸಿದ್ರು,” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನನ್ನ ಗಂಡ ಸೊರಗಿದ್ದಾರೆಂದು ಇನ್ನೊಬ್ಬಳ ಬಾಯಿಂದ ಕೇಳಿ ಅಂದು ನನಗೆ ಅನ್ನ ಇಳಿಯಲಿಲ್ಲ.

ನನ್ನ ಅರ್ಜಿಯನ್ನು ಮತ್ತೆ ತೆಗೆದು ನೋಡಿ. ಬೇಕಾದರೆ ನಮ್ಮ ಬೀದಿಗೆ ಬಂದು ಯಾರನ್ನಾದರೂ ಕೇಳಿ. ಆದರೆ ತಡ ಮಾಡಬೇಡಿ. ತ್ರಿವೇಣಿಯ ಇನ್ನೂ ಎರಡು ಪ್ಯಾಂಟು ಉದ್ದವಾಗಿವೆಯಂತೆ.

ಇಂತಿ,
ಊರಿಗೆಲ್ಲ ಗುರುಪ್ರಕಾಶರ ಹೆಂಡತಿ, ತಮಗೊಬ್ಬರಿಗೆ ಮಾತ್ರ ಯಾರೋ ಆದ
ಸಾಯಿಲಕ್ಷ್ಮಿ, ರಾಯದುರ್ಗ