ಮುಂದಿನ ಕಾರ್ಬುರೇಟರಿನ ಸ್ವರ

ಮನೆ, ಹಿಂದಿನ ಶೆಡ್ಡಿನ ಮೆಟ್ಟಿಲು
ಮಾರ್ಚ್ ೯, ಶನಿವಾರ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯ ಮಗಳೇ? ಹಡಗಿನ ಎಂಜಿನ್ ಕೋಣೆಯ ಬಿಸಿಗೆ ಮುಂಗೈ ಮೇಲೆ ಎದ್ದಿದ್ದ ಬೊಬ್ಬೆ ಒಣಗಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಇಲ್ಲ ಎಂಜಿನ್ನಿಗೆ ಎಣ್ಣೆ ಕುಡಿಸಿ ನೀನು ನೀರು ಕುಡಿದು ಮಲಗುತ್ತೀಯಾ? ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನನ್ನ ಎಡಗಿವಿಯನ್ನು ಮಗ್ಗದ ಕಾರ್ಖಾನೆಗೆ ಎಂದೋ ಬರೆದುಕೊಟ್ಟಾಗಿದೆ, ಅದರ ಆಸೆ ಬಿಟ್ಟಿದ್ದೇನೆ. ಅಮ್ಮನ ಮಂಡಿನೋವು ಮೆಟ್ಟಿಲು ಕಂಡರೆ ಬರುತ್ತದೆ, ಪಕ್ಕದ ಮನೆಗೆ ಮಾತಾಡಲು ಹೊರಟಾಗ ಬರುವುದಿಲ್ಲ. ಇನ್ನು ನನ್ನ ಅಕ್ಕ, ನಿನ್ನ ಸೋದರತ್ತೆ, ಅವಳ ವಿಷಯ ಏನು ಹೇಳಲಿ! ಎಲ್ಲರಿಗೂ ವಯಸ್ಸಾದಂತೆ ಹಲ್ಲು ಮೊಂಡಾಗುತ್ತದೆ, ಅವಳಿಗೆ ನಾಲಿಗೆ ಹರಿತವಾಗುತ್ತಿದೆ.

ನಿನ್ನ ಕಾಗದ ಕೈಸೇರಿತು. ಅದರ ಕೊನೆಯ ಸಾಲುಗಳನ್ನು ಅಮ್ಮ ಓದಿದಳು, ನಾನು ಓದಿದೆ, ಅತ್ತೆ ನಮ್ಮಿಬ್ಬರ ಮುಖ ಓದಿದಳು. ಕಂಪನಿಯವರು ಹೊಸ ದೊಡ್ಡ ಹಡಗಿಗೆ ನಿನ್ನನ್ನು ಎರಡನೇ ಎಂಜಿನಿಯರ್ ಮಾಡುತ್ತಾರೆ. ಒಪ್ಪಿಕೊಂಡರೆ ಇನ್ನೆರಡು ವರ್ಷ ಮನೆಯ ಕಡೆ ತಲೆ ಹಾಕುವಂತಿಲ್ಲ. ಒಲ್ಲೆ ಎಂದರೆ ಮುಂದಿನ ಬಂದರಿನಲ್ಲೇ ಇಳಿದು ಬರಬಹುದು. "ಅಪ್ಪಾ, ನೀನು ಬಾ ಅಂದ್ರೆ ಬರ್ತೀನಿ, ಇರು ಅಂದ್ರೆ ಇರ್ತೀನಿ. ನಿನ್ನ ಮಾತೇ ಕೊನೆ" ಎಂದು ಬರೆದಿದ್ದೀಯ. ನೀನು ಆ ಬಂದರು ಮುಟ್ಟುವ ಹೊತ್ತಿಗೆ ಈ ಕಾಗದ ಅಲ್ಲಿನ ಕಚೇರಿಯಲ್ಲಿ ಕಾಯುತ್ತಿರುತ್ತದೆ. ಉತ್ತರ ಕೊಡುತ್ತೇನೆ. ಆದರೆ ಅವಸರಪಟ್ಟು ಕೊನೆಯ ಹಾಳೆಗೆ ಹಾರಬೇಡ. ನಾನು ಹಳ್ಳಿಯಲ್ಲಿ ಕಥೆ ಕೇಳಿಕೊಂಡು ಬೆಳೆದವನು. ಎದುರುಮನೆಗೆ ಹೋಗಬೇಕಾದರೂ ಊರೆಲ್ಲ ಸುತ್ತಿಕೊಂಡೇ ಹೋಗುವ ಜಾತಿ. ಮೊದಲು ಕಾರಿನ ಸುದ್ದಿ.

ಹೋದ ರಜೆಯಲ್ಲಿ ನೀನು ನಮ್ಮ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರಿನ ಎಂಜಿನ್ ಇಳಿಸಿ, ಅದರ ಕರುಳು ಪಿತ್ತಕೋಶವನ್ನೆಲ್ಲ ಹೊರಗೆ ತೆಗೆದು, ರಜೆ ಮುಗಿಯಿತೆಂದು ಹೊರಟುಬಿಟ್ಟೆಯಲ್ಲ. ಅಂದಿನಿಂದ ಅಡುಗೆಮನೆಯ ಕಪಾಟಿನಲ್ಲಿ ಸಕ್ಕರೆ ಡಬ್ಬಿಯ ಪಕ್ಕ ಬೇರಿಂಗು, ಲೋಟಗಳ ಹಿಂದೆ ವಾಲ್ವು. ಯಾರೋ ಮನೆಗೆ ಬಂದಾಗ ಅತ್ತೆ ಚಹಾ ಕದಡಲು ಚಮಚ ಹುಡುಕಿ ಸಿಗದೆ ವಾಲ್ವು ಎತ್ತುವ ಉದ್ದ ಕಡ್ಡಿ, ಪುಶ್‌ರಾಡ್ ಒಂದನ್ನು ತಂದು ಲೋಟದಲ್ಲಿ ಆಡಿಸಿದಳು. ಬಂದವರು ಮತ್ತೆ ಬಂದಿಲ್ಲ. "ಅವಳು ಬಂದ್ಮೇಲೆ ಕೂಡಿಸಿದ್ರಾಯ್ತು, ಸುಮ್ನಿರಿ" ಎಂದು ಅಮ್ಮ ಹೇಳುತ್ತಲೇ ಇದ್ದಳು. ನನಗೇ ತಡೆಯಲಾಗಲಿಲ್ಲ. ನೀನಿಲ್ಲದ ಶೆಡ್ಡಿಗೆ ಹೋಗಿ ಕೂತರೆ ಎಂಜಿನ್ ಇಲ್ಲದ ಆ ಹೊಂಡ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು. ನಿನ್ನ ಕೈಗವಸು ಸ್ಟೇರಿಂಗಿಗೆ ಸಿಕ್ಕಿಸಿದ ಹಾಗೇ ಇತ್ತು. ಒಂದು ದಿನ ಅದರೊಳಗೆ ಕೈ ತೂರಿಸಿ ನೋಡಿದೆ. ನನ್ನ ಬೆರಳು ಅರ್ಧಕ್ಕೇ ನಿಂತವು. ಆವತ್ತು ಮಧ್ಯಾಹ್ನವೇ ಸ್ಪ್ಯಾನರ್ ಪೆಟ್ಟಿಗೆ ತೆಗೆದೆ.

ಬ್ಲಾಕನ್ನು ಬೋರಿಂಗ್ ಮಾಡಲು ಲೇತಿನವನಿಗೆ ಕೊಟ್ಟಿದ್ದೆವಲ್ಲ, ಯಾವ ಅಳತೆ ಕೇಳಿದರೂ "ಒಂದು ಕೂದಲೆಳೆ ಅಷ್ಟೇ" ಅನ್ನುವ ಆ ಬೋಳುತಲೆಯವನು, ಅವನು ನಾಲ್ಕು ಸಿಲಿಂಡರನ್ನೂ ಮುಖ ನೋಡಿಕೊಳ್ಳುವ ಹಾಗೆ ಕೊರೆದುಕೊಟ್ಟ. ನಿನ್ನನ್ನು ಚಿಕ್ಕಂದಿನಲ್ಲಿ ಮಲಗಿಸುವಾಗ ಹೇಳುತ್ತಿದ್ದೆ, ನೆನಪಿದೆಯಾ? ಒಂದಾನೊಂದು ಊರಿನಲ್ಲಿ ನಾಲ್ಕು ಬಾವಿ, ಬಾವಿಗೊಬ್ಬನಂತೆ ನಾಲ್ವರು ಅಣ್ಣತಮ್ಮಂದಿರು. ಇಬ್ಬರು ಹತ್ತಿದರೆ ಇಬ್ಬರು ಇಳಿಯಬೇಕು. ಒಬ್ಬರ ಮುಖ ಒಬ್ಬರು ಕಂಡವರಲ್ಲ, ಆದರೂ ಒಬ್ಬ ತಾಳ ತಪ್ಪಿದರೆ ಮನೆಗೆ ಮನೆಯೇ ನಡುಗುತ್ತದೆ. ಆ ನಾಲ್ವರಿಗೂ ಈಗ ಹೊಸ ಪಿಸ್ಟನ್, ಸೊಂಟಕ್ಕೆ ಹೊಸ ರಿಂಗು. ಮೂರನೆಯವನಿಗೆ ತೊಡಿಸುವಾಗ ರಿಂಗು ಟಣ್ ಎಂದು ಮುರಿಯಿತು. "ಏನೋ ಅದು, ನಿನ್ನ ಹಲ್ಲಾ?" ಎಂದು ಅತ್ತೆ ಒಳಗಿನಿಂದಲೇ ಕೇಳಿದಳು. ವಾಲ್ವು ಉಜ್ಜುವ ಕೆಲಸವನ್ನು ಅಮ್ಮ ಕೇಳಿ ಪಡೆದಳು. ವಾಲ್ವಿಗೆ ಅಂಟಿಸಿದ ಕೋಲನ್ನು ಎರಡು ಅಂಗೈಗಳ ನಡುವೆ ಹಿಡಿದು, ಮೊಸರು ಕಡೆದ ಹಾಗೆ ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ. ಮೇಲೆ ಸೀಮೆಎಣ್ಣೆ ಸುರಿದು ಪರೀಕ್ಷೆ ಮಾಡಿದರೆ ಒಂದು ಹನಿಯೂ ಜಿನುಗಲಿಲ್ಲ. "ಕಾರ್ಖಾನೆಯವ್ರು ನಿಮ್ಮನ್ನ ಬಿಟ್ಟು ನನ್ನನ್ನ ಇಟ್ಕೋಬೇಕಿತ್ತು" ಎಂದಳು, ಮೂಗಿನ ತುದಿಗೆ ಮಸಿ ಮೆತ್ತಿಕೊಂಡು. ಸಿಲಿಂಡರುಗಳ ಮೇಲಿನ ಹೆಡ್ಡನ್ನು ಕೂರಿಸಿ ನಟ್ಟು ಬಿಗಿಯುವಾಗ ನೀನು ಹೇಳಿಕೊಟ್ಟ ಹಾಗೇ ಮಾಡಿದೆ. ಹಾಸಿಗೆಯ ಸುಕ್ಕು ತೆಗೆಯುವಂತೆ ನಡುವಿನಿಂದ ಅಂಚಿಗೆ, ಸ್ವಲ್ಪ ಸ್ವಲ್ಪವಾಗಿ, ಎಲ್ಲವನ್ನೂ ಒಂದೇ ಸಮ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಆದದ್ದನ್ನು ಅತ್ತೆ ತನ್ನ ಕಾಗದದಲ್ಲಿ ಬರೆಯುವುದಕ್ಕೆ ಮುಂಚೆ ನಾನೇ ಬರೆದುಬಿಡುತ್ತೇನೆ. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಹಿಂದುಮುಂದಾಗಿ ಕೂರಿಸಿದ್ದೆ. ಸಿಲಿಂಡರಿನೊಳಗೆ ಉರಿಯಬೇಕಾದ ಬೆಂಕಿ ಕಾರ್ಬುರೇಟರಿನ ಬಾಯಿಂದ ಭುಸ್ ಎಂದು ಹೊರಗೆ ಬಂತು. ಅತ್ತೆ ಬಗ್ಗಿ ನೋಡುತ್ತಿದ್ದಳು. ಈಗ ಅವಳಿಗೆ ಒಂದೂವರೆ ಹುಬ್ಬು. "ಅವನ ತಂದೆ ಮಾಡಿದ ಆಸ್ತಿ ಇಲ್ಲ, ನನ್ನ ತಂದೆ ಕೊಟ್ಟ ಹುಬ್ಬಿತ್ತು, ಅದನ್ನೂ ತಿಂದ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ನಮ್ಮಿಬ್ಬರ ತಂದೆ ಒಬ್ಬನೇ ಎಂಬುದು ಸಿಟ್ಟಿನಲ್ಲಿ ಮರೆತುಹೋಗಿತ್ತು. ಸರಿಮಾಡಿ ಮತ್ತೆ ಕೀಲಿ ತಿರುಗಿಸಿದೆ. ಕೆಮ್ಮಿತು, ಸೀನಿತು, ಆಮೇಲೆ ಹಿಡಿದುಕೊಂಡಿತು. ನಾನು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ "ಕೇಳಿಸ್ತೇನೇ?" ಎಂದೆ. ಅಲ್ಲಿ ನೀನಿರಲಿಲ್ಲ. ಅಮ್ಮ "ಕೇಳಿಸ್ತು" ಎಂದಳು.

ಹತ್ತಿಕೊಂಡಿತು ಸರಿ, ಆದರೆ ನಡುಕ. ನಿನಗೆ ಹೇಳಬೇಕಾದ್ದಿಲ್ಲ, ಎರಡು ಕಾರ್ಬುರೇಟರ್ ಇರುವ ಎಂಜಿನ್ ಅಂದರೆ ಒಂದು ನೊಗಕ್ಕೆ ಕಟ್ಟಿದ ಜೋಡಿ. ಮುಂದಿನದು ಗಾಳಿ ಬೆರೆತ ಪೆಟ್ರೋಲನ್ನು ಮುಂದಿನ ಇಬ್ಬರಿಗೆ ಉಣಿಸಬೇಕು, ಹಿಂದಿನದು ಹಿಂದಿನ ಇಬ್ಬರಿಗೆ. ಎರಡೂ ಒಂದೇ ಅಳತೆಯಲ್ಲಿ ಉಸಿರೆಳೆಯದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ರಬ್ಬರ್ ಕೊಳವೆಯ ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಆ ಉಸಿರಿನ ಸದ್ದು ಕೇಳಬೇಕು, ಎರಡೂ ಒಂದಾಗುವವರೆಗೆ ಸ್ಕ್ರೂ ತಿರುಗಿಸಬೇಕು. ಲೋಕದಲ್ಲಿ ಎಲ್ಲರೂ ಒಂದು ಕೊಳವೆ, ಒಂದು ಕಿವಿಯಲ್ಲಿ ಮಾಡುವ ಕೆಲಸಕ್ಕೆ ನಮ್ಮ ಮನೆಯಲ್ಲಿ ಮಾತ್ರ ಮೂರು ಜನ ಬೇಕು. ಒಂದು ಕಡೆ ಕೇಳಿದ್ದು ಇನ್ನೊಂದು ಕಡೆ ಹೋಗುವಷ್ಟರಲ್ಲಿ ನನಗೆ ಮರೆತುಹೋಗುತ್ತದೆ. ಅದಕ್ಕೇ ನೀನು ಇಷ್ಟುದ್ದ ಇದ್ದಾಗಿನಿಂದ ಮುಂದಿನ ಕೊಳವೆ ನಿನಗೆ, ಹಿಂದಿನದು ನನಗೆ. ಇಬ್ಬರೂ ಕೇಳಿದ ಸ್ವರವನ್ನು ಗಟ್ಟಿಯಾಗಿ ಗುನುಗುವುದು, ಅಮ್ಮ ಬಾಗಿಲಲ್ಲಿ ನಿಂತು ಎರಡೂ ಕೂಡಿತೇ ಎಂದು ಹೇಳುವುದು. ಬೀದಿಯಲ್ಲಿ ಹೋಗುವವರು ಇವರ ಮನೆಯಲ್ಲಿ ದಿನಾ ಭಜನೆ ಅಂದುಕೊಂಡಿದ್ದರು.

ಈ ಸಲ ನಿನ್ನ ಕೊಳವೆ ಅಮ್ಮನ ಕಿವಿಗೆ ಹೋಯಿತು, ಅಮ್ಮನ ಬಾಗಿಲು ಅತ್ತೆಗೆ. ನಾನು ಗುನುಗಿದೆ, ಅಮ್ಮ ಗುನುಗಿದಳು. ಆಹಾ, ಒಂದು ಎಳೆ ವ್ಯತ್ಯಾಸವಿಲ್ಲ! ಸ್ಕ್ರೂ ಮುಟ್ಟುವ ಹಾಗೇ ಇಲ್ಲ. ಆದರೆ ನಡುಕ ನೋಡಲೆಂದು ಮಡ್‌ಗಾರ್ಡಿನ ಮೇಲಿಟ್ಟಿದ್ದ ಲೋಟದ ನೀರು ಮಾತ್ರ ತುಳುಕಿ ತುಳುಕಿ ಅರ್ಧವಾಗಿತ್ತು. ಸ್ಪಾರ್ಕ್ ಪ್ಲಗ್ಗು ಬದಲಿಸಿದೆ, ಇಂಧನದ ಕೊಳವೆ ಊದಿದೆ, ವಾಲ್ವಿನ ಸಂದು ಮತ್ತೆ ಅಳೆದೆ. ದಿನ ದಿನವೂ ಅದೇ ಕಥೆ: ಗುನುಗು ಸರಿ, ಗಾಡಿ ನಡುಕ. ಕೊನೆಗೆ ಅತ್ತೆಗೆ ಸಾಕಾಗಿಹೋಯಿತು. "ಗಂಡ ಹೆಂಡ್ತಿ ಸ್ವರ ಚೆನ್ನಾಗೇ ಕೂಡಿದೆ ಕಣೋ, ಕಾರಿಗೆ ಮಾತ್ರ ಚಳಿಜ್ವರ ಬಿಟ್ಟಿಲ್ಲ. ನೀನು ಎದ್ದು ಆಚೆ ಹೋಗು. ಅವಳೊಬ್ಳೇ ಗುನುಗ್ಲಿ, ಕೇಳ್ತೀನಿ" ಎಂದಳು. ನಾನು ಎದ್ದು ಶೆಡ್ಡಿನ ಬಾಗಿಲಾಚೆ ಹೋದೆ. ಒಳಗೆ ಅಮ್ಮ ಒಬ್ಬಳೇ ಗುನುಗಿದ್ದು ಕೇಳಿಸಿತು ನೋಡು. ಅದು ಬೇರೆಯೇ ಸ್ವರ ಪುಟ್ಟಿ! ನನ್ನದಕ್ಕಿಂತ ಎಷ್ಟೋ ಮೇಲೆ, ತೆಳ್ಳಗೆ, ನಾನು ಇಷ್ಟು ವರ್ಷ ಆ ಬಾಯಿಂದ ಕೇಳೇ ಇಲ್ಲದ್ದು.

ಅವಳು ಬೇಕೆಂದು ಮಾಡಿದ್ದಲ್ಲ. ಕೊಳವೆಯಲ್ಲಿ ಒಂದು ಕೇಳಿಸುತ್ತಿದ್ದರೂ, ಪಕ್ಕದಲ್ಲಿ ನಾನು ಶುರುಮಾಡಿದ ತಕ್ಷಣ ಅವಳ ಗಂಟಲು ತಾನಾಗಿ ನನ್ನ ಕಡೆ ಜಾರುತ್ತಿತ್ತು. "ನನಗೇ ಗೊತ್ತಾಗ್ಲಿಲ್ಲ ಕಣ್ರೀ" ಎಂದು ನಾಚಿಕೊಂಡಳು. ಅತ್ತೆ ಬಿಡುತ್ತಾಳೆಯೇ? "ಗೊತ್ತಾಗೋದೇನು ಬಂತು, ಇವನು ಉಪ್ಪಿಲ್ದೆ ಉಂಡ್ರೆ ನೀನೂ ಉಪ್ಪು ಬಿಡೋಳು" ಎಂದಳು. ಆಮೇಲೆ ನನ್ನನ್ನು ಒಳಗೆ ಸೇರಿಸಲಿಲ್ಲ. ಅಮ್ಮ ಒಂದೇ ಕೊಳವೆ ಹಿಡಿದು ಹಿಂದಕ್ಕೂ ಮುಂದಕ್ಕೂ ಓಡಾಡಿ, ತಾನೇ ಕೇಳಿ, ತಾನೇ ಸ್ಕ್ರೂ ತಿರುಗಿಸಿದಳು. ನಾನು ಹೊರಗೆ ಹೊಸ್ತಿಲ ಮೇಲೆ, ಮಾಡಿದ್ದೇನೆಂದು ತಿಳಿಯದ ಕಳ್ಳನ ಹಾಗೆ ಕೂತಿದ್ದೆ. ಗೋಡೆಯಾಚೆ ನಡುಕ ಸಣ್ಣದಾಗುತ್ತಾ ಬಂತು, ಜ್ವರ ಬಿಡುವ ಮಗುವಿನ ಉಸಿರಿನ ಹಾಗೆ. ಆಮೇಲೆ ಒಂದೇ ಒಂದು ನುಣ್ಣನೆಯ ಸದ್ದು. ನಿನ್ನ ಕಿವಿ ಇರಬೇಕಿತ್ತು ಮಗಳೇ. ಅದನ್ನು ನನಗೆ ಬರೆಯಲು ಬರುವುದಿಲ್ಲ.

ಈ ಪ್ರಸಂಗವನ್ನು ಲೇತಿನವನಿಗೆ ಹೇಳಿದರೆ ನಗುತ್ತಾನೆ ಅಂದುಕೊಂಡೆ. ಅವನು ಬೋಳುತಲೆ ಸವರಿಕೊಂಡು, "ಹಂಗಾದ್ರೆ ಸರಿಹೋಯ್ತು ಬಿಡಿ. ಹಿಂದಿನ ಎರಡು ಸಿಲಿಂಡರಿಗಿಂತ ಮುಂದಿನವೆರಡೇ ಹೆಚ್ಚು ಸವೆದಿದ್ವು. ಯಾಕಪ್ಪಾ ಅಂತ ನಾನೂ ತಲೆ ಕೆಡಿಸ್ಕೊಂಡಿದ್ದೆ. ವರ್ಷಗಟ್ಟಲೆ ಮುಂದಿನ ಕಾರ್ಬುರೇಟರ್ ತಪ್ಪಾಗಿ ಉಣಿಸಿದ್ರೆ ಹಂಗೇ ಆಗೋದು" ಎಂದ. ಅಂಗಡಿಯಿಂದ ಮನೆಯವರೆಗೂ ಆ ಮಾತನ್ನು ನಾನು ಒಬ್ಬನೇ ಹೊತ್ತುಕೊಂಡು ಬಂದೆ. ಆ ಸವೆತ ಇವತ್ತು ನಿನ್ನೆಯದಲ್ಲ. ಮುಂದಿನ ಕೊಳವೆ ಆಗೆಲ್ಲ ಅಮ್ಮನ ಕಿವಿಯಲ್ಲಿರಲಿಲ್ಲ.

ನಿನ್ನೆ ಸಂಜೆ ಕಾರನ್ನು ಮೊದಲ ಸಲ ರಸ್ತೆಗೆ ತಂದೆವು. ಇರುವುದು ಎರಡೇ ಸೀಟು. ಅತ್ತೆ "ನನ್ನನ್ನ ಡಿಕ್ಕೀಲಿ ಹಾಕ್ಕೊಂಡು ಹೋಗಿ, ತುಂಬಾ ದಿನದ ಆಸೆ" ಎಂದು ಚುಚ್ಚಿ, ಗೇಟಿನವರೆಗೆ ಬಂದು ಕೈಬೀಸಿದಳು. ನಿನ್ನ ಸೀಟಿನಲ್ಲಿ ಅಮ್ಮ ಕೂತಳು. ಅವಳ ಕಾಲಿಗೆ ಆ ಸೀಟು ಬಹಳ ಹಿಂದಿತ್ತು, ಎಳೆದುಕೋ ಎಂದೆ, "ಬೇಡ, ಅದು ಹಾಗೇ ಇರ್ಲಿ" ಎಂದಳು. ಊರಾಚೆಯ ನೇರ ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿ ಒತ್ತಿದೆ. ಓಡಿತು ಪುಟ್ಟಿ, ಹಗ್ಗ ಬಿಚ್ಚಿದ ಕರುವಿನ ಹಾಗೆ. ಗುಡ್ಡದ ಏರಿನಲ್ಲೂ ಉಸಿರು ಕಟ್ಟಲಿಲ್ಲ. ಗುಡ್ಡದ ಮೇಲೆ ನಿಲ್ಲಿಸಿ ಎಂಜಿನ್ ಆರಿಸಿದೆ. ಅಮ್ಮ ಮುಂದಿನ ಗಾಜು ನೋಡಿಕೊಂಡೇ ಕೇಳಿದಳು: "ಅಲ್ರೀ, ಅವಳು ಇಷ್ಟು ವರ್ಷ ಗುನುಗಿದ್ದು ಕೊಳವೇದಾ, ನಿಮ್ದಾ?" ಲೇತಿನವನ ಮಾತು ನಾನು ಅವಳಿಗೆ ಹೇಳಿರಲೇ ಇಲ್ಲ. ಮತ್ತೆ ಕೀಲಿ ತಿರುಗಿಸಿದೆ. ಕತ್ತಲಾಗುವ ಮುಂಚೆ ಮನೆ ಸೇರಿದೆವು.

ಕಾರಿಗೆ ಇನ್ನು ಬಾಗಿಲಿನ ರಬ್ಬರು, ಒಂದು ದೀಪ, ಸ್ವಲ್ಪ ಬಣ್ಣ, ಇಷ್ಟೇ ಬಾಕಿ. ವಾರಕ್ಕೊಮ್ಮೆ ಓಡಿಸುತ್ತಿದ್ದರೆ ಕೆಡುವುದಿಲ್ಲ, ಆ ಚಿಂತೆ ಬೇಡ. ಮುಂಗೈಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ಹಡಗಿನ ಮೇಲಿನ ಅಟ್ಟಕ್ಕೆ ಬಂದು ಗಾಳಿ ಕುಡಿ, ಆಕಾಶ ಅಂತ ಒಂದಿದೆ ಎಂದು ಆಗಾಗ ನೋಡಿಕೋ. ನೀನು ಏರಿದ ಹಡಗಿಗೆ ದಾರಿ ಸುಗಮವಾಗಲಿ, ನೀನು ಮುಟ್ಟಿದ ಎಂಜಿನ್ನು ನಿನಗೆ ಎದುರಾಡದಿರಲಿ. ಅಮ್ಮನ ಮುತ್ತುಗಳು, ಅತ್ತೆಯ ಒಂದೂವರೆ ಹುಬ್ಬಿನ ಆಶೀರ್ವಾದ.

ಎಂದಿಗೂ ನಿನ್ನ
ಅಪ್ಪ

ವಿ.ಸೂ.: ಅಂಚೆಯವನು ಬೀದಿಯ ತುದಿಗೆ ಬಂದಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ನೀನು ಕೇಳಿದ್ದಕ್ಕೆ ಉತ್ತರ. ಬಾ ಎಂದು ಬರೆಯಲು ಕೈ ತುಡಿಯುತ್ತಿದೆ. ಬರೆದರೆ ನೀನು ಬಂದೇಬಿಡುತ್ತೀಯ. ಅದಕ್ಕೇ ಬರೆಯುತ್ತಿಲ್ಲ. ಇರು ಎಂದೂ ಬರೆಯುತ್ತಿಲ್ಲ, ಅದು ನನ್ನಿಂದಾಗದು. ಈ ಕಾಗದ ಸಿಕ್ಕ ಕೂಡಲೇ ಫೋನ್ ಮಾಡಬೇಡ ಮಗಳೇ. ನನ್ನ ದನಿ ಕೇಳಿದರೆ ನಿನಗೆ ಎಲ್ಲ ತಿಳಿದುಹೋಗುತ್ತದೆ, ನಿನ್ನ ಸ್ವರವೂ ನನ್ನ ಕಡೆ ಜಾರುತ್ತದೆ. ಮೊದಲು ಕಂಪನಿಯವರಿಗೆ ನಿನ್ನ ಉತ್ತರ ಹೇಳು. ಹೇಳಿಯಾದ ಮೇಲೆ ಫೋನ್ ಮಾಡು. ಯಾವ ಹೊತ್ತಿಗಾದರೂ ಎತ್ತುತ್ತೇನೆ.