ಅಂಟದ ತುರಿಕೆಗೆ ಒಂದು ಷರಾ

ಮಾನ್ಯ ವೈದ್ಯಾಧಿಕಾರಿಗಳೇ,

ನನ್ನ ತುರಿಕೆ ಯಾರಿಗೂ ಅಂಟುವುದಿಲ್ಲ ಎಂದು ಒಂದು ಸಾಲು ಬರೆದು, ಮೊಹರು ಒತ್ತಿಕೊಡಿ. ಇಷ್ಟಕ್ಕಾಗಿ ತಮ್ಮ ಆಸ್ಪತ್ರೆಗೆ ಮರಾಠಿಯಲ್ಲಿ ಎರಡು ಅರ್ಜಿ ಕೊಟ್ಟೆ. ಉತ್ತರ ಬರಲಿಲ್ಲ. ನನಗೆ ಸಿಟ್ಟು ಬರುವುದು ಕನ್ನಡದಲ್ಲಾದ್ದರಿಂದ ಮೂರನೆಯದನ್ನು ಕನ್ನಡ ಪತ್ರಿಕೆಗೇ ಕಳುಹಿಸುತ್ತಿದ್ದೇನೆ.

ಮಾಜಿವಾಡಾದ ಹೋಟೆಲೊಂದರಲ್ಲಿ ಮೂವತ್ತೆಂಟು ವರ್ಷ ದೋಸೆ ಕಾವಲಿಯ ಮುಂದೆ ನಿಂತವನು ನಾನು. ಈಗ ಎಪ್ಪತ್ತೆರಡು. ಸೆಕೆ ನನಗೆ ಹೊಸತಲ್ಲ. ಏಪ್ರಿಲಿನಲ್ಲಿ ಎದೆ, ಬೆನ್ನಿನ ಮೇಲೆ ಕೆಂಪು ಗುಳ್ಳೆಗಳೆದ್ದಾಗ ಬೆವರುಸಾಲೆ ಎಂದುಕೊಂಡು, ಬೇವಿನೆಲೆ ಕುದಿಸಿದ ಬಿಸಿಬಿಸಿ ನೀರಿನಲ್ಲಿ ಮಿಂದೆ. ಮೀಯುವಾಗ ಸ್ವರ್ಗ, ಒರೆಸಿಕೊಂಡ ಮೇಲೆ ಮೈಯೆಲ್ಲ ಉರಿ.

ತಮ್ಮ ಹೊರರೋಗಿ ವಿಭಾಗದ ಮಹನೀಯರ ಕಣ್ಣು ಎಷ್ಟು ಚುರುಕೆಂದರೆ, ನಾನು ಅಂಗಿ ಬಿಚ್ಚುವ ಮೊದಲೇ ಕಜ್ಜಿ ಎಂದು ಬರೆದರು. ಅಂಟುರೋಗ, ಜೊತೆಯವರಿಂದ ದೂರವಿರಿ ಎಂದೂ ಸೇರಿಸಿದರು. ಅಂಗಿಯ ಮೇಲಿನಿಂದಲೇ ಚರ್ಮ ಕಾಣುವುದಾದರೆ ನಾವೇಕೆ ಬರಬೇಕು, ಅಂಗಿಗಳನ್ನೇ ಕಳುಹಿಸಬಹುದಲ್ಲವೇ?

ಠಾಕುರ್ಲಿಯ ನನ್ನ ಖೋಲಿಯಲ್ಲಿ ಹನ್ನೊಂದು ವರ್ಷ ಜೊತೆಗಿದ್ದವನು ಕಲಬುರಗಿಯ ಸಂಗಮೇಶ. ತುರ್ಭೆಯ ಮಾರ್ಕೆಟಿನಲ್ಲಿ ಮೂಟೆ ಹೊರುತ್ತಾನೆ. ಮದುವೆಯಾಗದ ನನಗೆ ಸಂಸಾರವೆಂದರೆ ಅವನು ಮತ್ತು ಅವನ ಮಗಳು ಭಾಗ್ಯಾ. ಆ ಚೀಟಿಯಲ್ಲಿ ಏನಿದೆಯೆಂದು ತಿಳಿದ ಮೇಲೆ ಅವನು ತನ್ನ ಚಾಪೆ ಸುತ್ತಿಕೊಂಡ.

"ಕಾಕಾ, ಭಾಗ್ಯಾಂದು ಬಾಣಂತನ ಅದ. ಕೂಸಿಗಿ ಹತ್ತಿದ್ರ ನಾ ಏನ್ ಮಾಡ್ಲಿರಿ?"

ತುರ್ಭೆಯ ಮಗಳ ಮನೆಗೆ ಹೋದವನು ಮರಳಿಲ್ಲ. ಅವನನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಹಿರಿಯ ನಾಗರಿಕರ ಕಟ್ಟೆಯಲ್ಲಿ ಹೋಗಿ ಕುಳಿತರೂ, ನಾನು ಒಮ್ಮೆ ಕೆರೆದುಕೊಂಡೊಡನೆ ಪಕ್ಕದವರಿಗೆ ತರಕಾರಿ ತರುವುದು ನೆನಪಾಗುತ್ತದೆ.

ಮೇ ತಿಂಗಳಲ್ಲಿ ತಮ್ಮಲ್ಲೇ ಇನ್ನೊಬ್ಬ ಡಾಕ್ಟರಮ್ಮ ಅಂಗಿ ಬಿಚ್ಚಿಸಿ, ಬೆಳಕಿಗೆ ತಿರುಗಿಸಿ ನೋಡಿದರು. ವಯಸ್ಸಾದ ಚರ್ಮಕ್ಕೆ ಬರುವಂಥದ್ದು, ಸೆಕೆಗೂ ಬೆವರಿಗೂ ಕೆರಳುತ್ತದೆ, ಕೆಲವು ತಿಂಗಳಲ್ಲಿ ಇಳಿಯಬಹುದು, ಮತ್ತೆ ಬರಲೂಬಹುದು, ಆದರೆ ಯಾರಿಗೂ ಅಂಟುವುದಿಲ್ಲ ಎಂದರು. ಬಿಸಿನೀರು ಬೇಡ, ಸಡಿಲವಾದ ಹತ್ತಿ ಬಟ್ಟೆ ಹಾಕಿ, ಕೆರೆಯಬೇಡಿ, ಎರಡು ಹೊತ್ತು ಮುಲಾಮು ಹಚ್ಚಿ. ತಂಪಾದ ಜಾಗದಲ್ಲಿರಿ ಎಂದಾಗ ತಗಡಿನ ಮಾಡಿನ ಕೆಳಗೆ ಬದುಕುವ ನನಗೆ ನಗು ಬಂತು. ಬೆನ್ನ ನಡುವಿಗೆ ಹಚ್ಚುವವರು ಯಾರು ಎಂದು ಮಾತ್ರ ಕೇಳಲಾಗಲಿಲ್ಲ. ಈಗ ದೋಸೆ ಸಟ್ಟುಗಕ್ಕೆ ಮುಲಾಮು ಸವರಿ, ಕೈ ಹಿಂದಕ್ಕೆ ತಿರುಚಿ ಹಚ್ಚಿಕೊಳ್ಳುತ್ತೇನೆ. ಒಂಟಿತನ ಎಂದರೆ ಇದೇ, ಸ್ವಾಮಿ.

ಡಾಕ್ಟರಮ್ಮ ಹೇಳಿದ್ದು ಬಾಯಲ್ಲಿ. ಚೀಟಿಯಲ್ಲಿರುವುದು ಮುಲಾಮಿನ ಹೆಸರೊಂದೇ. ಬಾಯಿಮಾತನ್ನು ಭಾಗ್ಯಾಳ ಅತ್ತೆಮನೆಯವರು ನಂಬುವುದಿಲ್ಲ; ಸರಕಾರಿ ಕಾಗದವನ್ನು ನಂಬುತ್ತಾರೆ, ಪಾಪ. ಕಜ್ಜಿಯನ್ನು ತಿದ್ದಿಕೊಡಿ ಎಂದರೆ, ಕಂಪ್ಯೂಟರಿಗೆ ಏರಿದ್ದನ್ನು ಇಳಿಸಲು ಸಾಹೇಬರ ಸಹಿ ಬೇಕು, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನುತ್ತಾರೆ ಕಿಟಕಿಯವರು. ಎರಡು ತಿಂಗಳ ಮೀಟಿಂಗು ಯಾವುದು?

ಬರುವ ಭಾನುವಾರ ತುರ್ಭೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರೆ. ಶನಿವಾರದೊಳಗೆ ಆ ಕಾಗದ ನನ್ನ ಕೈಸೇರಬೇಕು. ಬಾಗಿಲಲ್ಲೇ ನಿಂತು ನೋಡಿ ಬರುತ್ತೇನೆ, ಅಷ್ಟು ಸಾಕು ಎಂದು ಬರೆಯಲು ಹೊರಟಿದ್ದೆ. ಇಲ್ಲ, ಸಾಲದು. ನಾನು ಆ ಕೂಸನ್ನು ಎತ್ತಿಕೊಳ್ಳಬೇಕು.

ಇಂತಿ,
ಭಾನುವಾರಕ್ಕೆಂದು ಜುಬ್ಬಾ ಒಗೆದಿಟ್ಟು ಕುಳಿತಿರುವ
ಗುರುವಪ್ಪ
ಠಾಕುರ್ಲಿ