ತಲೆನೋವಿನ ಮಾತ್ರೆ

ಮಾರ್ಚ್ ೧೧, ಮಂಗಳವಾರ

ಆ ಮಾತ್ರೆಯದೇ ಯೋಚನೆ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ನಾನೇನೂ ಬಿಟ್ಟಿಲ್ಲ. ಆದರೆ ಆಫೀಸಿನ ಕ್ಯಾಂಟೀನಿನಲ್ಲಿ ಯಾರಿಗೂ ಗೊತ್ತಾಗಬಾರದೆಂದು ಹಣೆ ಉಜ್ಜಿಕೊಳ್ಳುವವಳ ಹಾಗೆ ಕಣ್ಣು ಮುಚ್ಚುತ್ತೇನೆ. ಇವತ್ತು ಕಣ್ಣು ಬಿಟ್ಟರೆ ಪಕ್ಕದ ಮೇಜಿನ ಅಕ್ಕ ಮಾತ್ರೆ, ನೀರಿನ ಲೋಟ ಹಿಡಿದು ನಿಂತಿದ್ದರು.

"ದಿನಾ ನೋಡ್ತೀನಿ ಕಣೆ, ಊಟದ ಹೊತ್ತಿಗೇ ನಿಂಗೆ ತಲೆನೋವು. ನುಂಗು."

ಅಪ್ಪ ನೆನಪಾದ. ಗೋಡೆಗೆ ಬಣ್ಣ ಬಳಿಯುತ್ತಿದ್ದ ಅಪ್ಪ, ಉಗುರಿನ ಸಂದಿಯಲ್ಲೆಲ್ಲ ಸುಣ್ಣ. ಹೋಟೆಲಿನಲ್ಲೂ ಎದ್ದು ನಿಂತೇ ಪ್ರಾರ್ಥನೆ, ಅದೂ ಗಂಟಲು ಬಿಟ್ಟು. ಕಾಳು ಬೆಳೆದವನಿಂದ ಹಿಡಿದು ಪಾತ್ರೆ ತೊಳೆಯುವವನವರೆಗೆ ಎಲ್ಲರಿಗೂ ಒಳ್ಳೆಯದಾಗಲಿ ಅಂತ. ನಾನು ನಾಚಿಕೆಯಿಂದ ಭೂಮಿಗಿಳಿದು ಹೋಗುತ್ತಿದ್ದೆ. ಬಡಿಸುವವನು ಸೌಟು ಹಿಡಿದು ಕಾಯುತ್ತಿದ್ದ.

"ಯಜಮಾನ್ರೆ, ಆಮೆನ್ ಆಯ್ತಾ? ಬಡಿಸ್ಲಾ?"

"ಆಯ್ತಪ್ಪ. ನಿನ್ನನ್ನೂ ಸೇರಿಸಿದೀನಿ."

ಅವನು ನಗುತ್ತಾ ಇನ್ನೊಂದು ಸೌಟು ಜಾಸ್ತಿ ಹಾಕುತ್ತಿದ್ದ. ಅಪ್ಪನ ಆ ಒರಟು ದನಿ ಇನ್ನೊಂದೇ ಸಲ ಕೇಳಿಸಿದ್ದರೆ.

ಅಕ್ಕನಿಗೆ ನಿಜ ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಆದರೆ ಮಾತ್ರೆ ನುಂಗಿಬಿಟ್ಟೆ. ನಾನು ಕಣ್ಣು ಬಿಡುವವರೆಗೂ ಲೋಟ ಹಿಡಿದು ಕಾದಿದ್ದರಲ್ಲ ಅವರು, ಆ ಬಡಿಸುವವನ ಹಾಗೇ. ನಾನು ಮಾತ್ರ ಅವರನ್ನು ಪ್ರಾರ್ಥನೆಯಲ್ಲಿ ಸೇರಿಸಿರಲಿಲ್ಲ.